ರಕ್ತದ ಕಬ್ಬಿಣಾಂಶವೂ ನೆತ್ತಿಯ ಕೂದಲೂ: ಅಣ್ಣಿಗೇರಿ ಭಾಗದ ಒಂದು ಪ್ರಕರಣ ಅಧ್ಯಯನ

ಗಂಡಸರ ತಲೆ ಬೋಳಾಗುವುದಕ್ಕೂ ರಕ್ತದಲ್ಲಿರುವ ಖನಿಜಗಳ ಮಟ್ಟಕ್ಕೂ ಏನು ನಂಟು ಎಂಬುದು ಹುಬ್ಬಳ್ಳಿಯ ನನ್ನ ಚರ್ಮರೋಗ ದವಾಖಾನೆಗೆ ಬರುವ ಯುವಕರು ಪದೇಪದೇ ಕೇಳುವ ಪ್ರಶ್ನೆ. ಇದಕ್ಕೆ ಇದೆ ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ರೋಗಿಗೆ ಅನ್ಯಾಯವಾದೀತು ಎಂಬುದನ್ನು ಮನಗಾಣಿಸಿದ ಪ್ರಕರಣವೊಂದನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ. ರೋಗಿಯ ಒಪ್ಪಿಗೆ ಪಡೆದಿದ್ದು, ಗುರುತು ಸಿಗಬಹುದಾದ ವಿವರಗಳನ್ನು ಕೈಬಿಟ್ಟಿದ್ದೇನೆ.

ರೋಗಿಯ ಹಿನ್ನೆಲೆ

ಅಣ್ಣಿಗೇರಿ ಭಾಗದ 28 ವರ್ಷದ ಈ ಯುವಕ ಮನೆತನದ ಬೀಜ-ಗೊಬ್ಬರದ ಅಂಗಡಿಯನ್ನು ನೋಡಿಕೊಳ್ಳುತ್ತಾರೆ. 23ನೆಯ ವಯಸ್ಸಿನಲ್ಲಿ ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿಯತೊಡಗಿತ್ತು. ಎರಡು ವರ್ಷಗಳಿಂದ ನೆತ್ತಿಯ ಸುಳಿಯ ಸುತ್ತಲೂ ತೆಳ್ಳಗಾಗುತ್ತ ಬಂದಿತ್ತು. ಆದರೆ ಅವರು ಗಾಬರಿಯಾಗಿ ಬಂದದ್ದು ಅದಕ್ಕಲ್ಲ. ಕಳೆದ ಐದಾರು ತಿಂಗಳಿಂದ ಝಳಕ ಮಾಡುವಾಗ ಬಚ್ಚಲಿನ ಜಾಲರಿಗೆ ಕೂದಲಿನ ಮುದ್ದೆಯೇ ಸಿಕ್ಕಿಕೊಳ್ಳುತ್ತಿತ್ತು, ದಿಂಬಿನ ಮೇಲೆ, ಅಂಗಿಯ ಹೆಗಲ ಮೇಲೆ ಎಲ್ಲೆಲ್ಲೂ ಕೂದಲು ಬೀಳುತ್ತಿತ್ತು. ಮನೆಯಲ್ಲಿ ಕನ್ಯೆ ನೋಡುವ ಓಡಾಟ ನಡೆದಿತ್ತು. ಒಂದೆರಡು ಕಡೆ ಫೋಟೊ ನೋಡಿದ ಮೇಲೆ ಮಾತು ಮುಂದುವರಿದಿರಲಿಲ್ಲ. ಈ ನೋವನ್ನು ಹಗುರವಾಗಿ ಕಾಣುವ ವೈದ್ಯರ ಬಗ್ಗೆ ನನಗೆ ಬೇಸರವಿದೆ. ಬೋಳು ಜೀವಕ್ಕೆ ಅಪಾಯ ತರುವುದಿಲ್ಲ ನಿಜ, ಆದರೆ ಇಪ್ಪತ್ತೆಂಟರ ಹರೆಯದವನಿಗೆ ಅದು ದಿನವಿಡೀ ಮನಸ್ಸಿನಲ್ಲಿ ಕೂತಿರುವ ಚಿಂತೆ.

ತಂದೆಯ ತಲೆಯಲ್ಲಿ ಕೂದಲು ದಟ್ಟವಾಗಿದ್ದು, ಇಬ್ಬರು ಸೋದರಮಾವಂದಿರಿಗೆ ಮೂವತ್ತೈದರೊಳಗೆ ನೆತ್ತಿ ಬೋಳಾಗಿತ್ತು. ತಂದೆಗೆ ಇಲ್ಲದ್ದು ತನಗೆ ಬರಲಾರದು, ಆದ್ದರಿಂದ ಇದು ಪೋಷಕಾಂಶದ ಕೊರತೆಯೇ ಇರಬೇಕು ಎಂದು ಅವರು ತೀರ್ಮಾನಿಸಿದ್ದರು. ಆದರೆ ಬೋಳಿನಲ್ಲಿ ಪಾಲುಳ್ಳ ಅಂಡ್ರೊಜನ್ (ಗಂಡು ಹಾರ್ಮೋನು) ಗ್ರಾಹಕದ ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ, ಗಂಡುಮಕ್ಕಳಿಗೆ ಅದು ತಾಯಿಯಿಂದಲೇ ಬರುತ್ತದೆ. ಇದೊಂದೇ ಜೀನ್ ಎಲ್ಲವನ್ನೂ ನಿರ್ಧರಿಸುವುದಿಲ್ಲ, ತಂದೆಯ ಕಡೆಯಿಂದ ಬರುವ ಅನೇಕ ಜೀನ್‌ಗಳ ಪಾಲೂ ಇದೆ. ಆದರೂ ಸೋದರಮಾವನ ತಲೆಯನ್ನು ಲೆಕ್ಕಕ್ಕೆ ಹಿಡಿಯದೆ ವಂಶದ ಇತಿಹಾಸ ಬರೆಯಲಾಗದು.

ನನ್ನ ಬಳಿ ಬರುವ ಮುನ್ನ ಅವರು ಸ್ವಂತ ನಿರ್ಧಾರದ ಮೇಲೆ ಸಾಕಷ್ಟು ಪ್ರಯೋಗ ಮಾಡಿದ್ದರು. ಕೊರಿಯರ್ ಮೂಲಕ ಕೂದಲು ಕಳಿಸಿ ಖನಿಜಗಳ ಪರೀಕ್ಷೆ ಮಾಡಿಸಿದ್ದು, ಅದರ ವರದಿಯಲ್ಲಿ ಕ್ಯಾಲ್ಸಿಯಂ ಹೆಚ್ಚು, ಸತು (ಝಿಂಕ್) ಕಡಿಮೆ ಎಂದಿತ್ತು. ಅದನ್ನು ನಂಬಿ 50 ಮಿಲಿಗ್ರಾಂ ಸತುವಿನ ಗುಳಿಗೆಯನ್ನು ದಿನಕ್ಕೆ ಎರಡರಂತೆ ಎಂಟು ತಿಂಗಳು ನುಂಗಿದ್ದರು. ಜೊತೆಗೆ ಬಯೊಟಿನ್ ಎಂಬ ಜೀವಸತ್ವ ಮತ್ತು ಸೆಲೆನಿಯಂ ಎಂಬ ಖನಿಜ ಸೇರಿದ ಕೂದಲಿನ ಗುಳಿಗೆ ಬೇರೆ. ಅವರ ಪ್ರಶ್ನೆ ನೇರವಾಗಿತ್ತು: “ಭೂಮಿಗೆ ಝಿಂಕ್ ಕೊಟ್ರ ಬೆಳಿ ಎದ್ದು ನಿಂದರತೈತ್ರಿ ಡಾಕ್ಟ್ರ. ತಲಿಗೆ ಕೊಟ್ರ ಯಾಕ ಹತ್ತವಲ್ದು?”

ಈ ತರ್ಕವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಧಾರವಾಡ-ಗದಗ ಭಾಗದ ಸುಣ್ಣದಂಶವುಳ್ಳ ಎರೆಭೂಮಿಯಲ್ಲಿ ಸತು ಮತ್ತು ಕಬ್ಬಿಣ ಬೆಳೆಗೆ ದಕ್ಕುವುದು ಕಡಿಮೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಸರ್ಕಾರವೇ ರೈತರಿಗೆ ಸತುವಿನ ಸಲ್ಫೇಟ್, ಬೋರಾನ್, ಜಿಪ್ಸಂ ಒದಗಿಸಿತ್ತು. ಎಲೆ ಬಿಳಿಚಿಕೊಂಡರೆ ಯಾವ ಚೀಲ ಕೊಡಬೇಕೆಂದು ದಿನವೂ ರೈತರಿಗೆ ಹೇಳುವವರು ತಮ್ಮ ತಲೆಯ ಬಗ್ಗೆಯೂ ಹಾಗೆಯೇ ಯೋಚಿಸುವುದು ಸಹಜ.

ಪರೀಕ್ಷೆಯಲ್ಲಿ ಕಂಡದ್ದು

ಹಣೆಯ ಮೂಲೆಗಳು ಮತ್ತು ಸುಳಿ, ಈ ಎರಡು ಕಡೆಯ ನಷ್ಟ ಬೋಳಿನ ಹಂತಗಳನ್ನು ಗುರುತಿಸುವ ಹ್ಯಾಮಿಲ್ಟನ್-ನಾರ್ವುಡ್ ವರ್ಗೀಕರಣದ ಮೂರನೆಯ ಹಂತದ ಸುಳಿ ಬಗೆಗೆ ಸರಿಹೊಂದುತ್ತಿತ್ತು. ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೊಸ್ಕೋಪ್ ಇಟ್ಟು ಸುಳಿಯ ಭಾಗವನ್ನು ನೋಡಿದಾಗ ಪಕ್ಕಪಕ್ಕದಲ್ಲೇ ದಪ್ಪ ಕೂದಲು, ಅದರ ಅರ್ಧ ದಪ್ಪದ ಕೂದಲು, ಕೆಲವೆಡೆ ಎಳೆಗೂಸಿನ ಮೈಮೇಲಿರುವಂಥ ನವಿರು ರೋಮ ಕಾಣುತ್ತಿದ್ದವು. ಅದೇ ಉಪಕರಣವನ್ನು ಹಿಂದಲೆಗೆ ಒಯ್ದಾಗ ಕೂದಲುಗಳೆಲ್ಲ ಒಂದೇ ದಪ್ಪ, ಒಂದೇ ಬಣ್ಣ, ಒಂದು ಬುಡದಿಂದ ಎರಡು-ಮೂರರಂತೆ ಹೊರಟಿದ್ದವು. ಪುರುಷ ಮಾದರಿಯ ಬೋಳಿನ ಗುರುತು ಇದೇ. ಕೂದಲಿನ ಬುಡ ಸಾಯದೆ, ಬೆಳೆದು ಉದುರುವ ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತ ಹೋಗುತ್ತದೆ, ಬೆಳವಣಿಗೆಯ ಅವಧಿ ವರ್ಷಗಳಿಂದ ತಿಂಗಳುಗಳಿಗೆ ಇಳಿಯುತ್ತದೆ.

ಆದರೆ ಇನ್ನೊಂದು ಸಂಗತಿಯೂ ಇತ್ತು. ಸುಮಾರು ಅರವತ್ತು ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಎಂಟು ಕೂದಲು ಕೈಗೆ ಬಂದವು. ಹಿಂದಲೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಬಂದ ಕೂದಲುಗಳ ಬುಡದಲ್ಲಿ ಬಿಳಿಯ ಸಣ್ಣ ಗುಂಡು ಇತ್ತು, ಅಂದರೆ ಅವು ವಿಶ್ರಾಂತಿಯ ಹಂತಕ್ಕೆ ಹೋಗಿ ಉದುರುತ್ತಿದ್ದವು. ಪುರುಷ ಮಾದರಿಯ ಬೋಳು ಹಿಂದಲೆಯನ್ನು ಹೀಗೆ ಉದುರಿಸುವುದಿಲ್ಲ. ಒಂದೇ ತಲೆಯಲ್ಲಿ ಎರಡು ಪ್ರಕ್ರಿಯೆಗಳು ನಡೆದಿವೆ ಎಂಬ ಸಂಶಯ ನನಗೆ ಹುಟ್ಟಿದ್ದು ಇಲ್ಲಿ. ತಲೆಯಿಡೀ ಸಮನಾಗಿ ಉದುರುವ ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಡೆಂಗಿ, ಟೈಫಾಯ್ಡ್‌ನಂಥ ಜ್ವರ, ಶಸ್ತ್ರಚಿಕಿತ್ಸೆ, ವಿಪರೀತ ಪಥ್ಯ ಮುಂತಾದವುಗಳಾದ ಎರಡು-ಮೂರು ತಿಂಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಇವರಿಗೆ ಅಂಥದ್ದೇನೂ ಆಗಿರಲಿಲ್ಲ.

ರಕ್ತಪರೀಕ್ಷೆಗೆ ಮುನ್ನ ಬಯೊಟಿನ್ ಇರುವ ಗುಳಿಗೆಯನ್ನು ಕೆಲವು ದಿನ ನಿಲ್ಲಿಸಲು ಹೇಳಿದೆ, ಏಕೆಂದರೆ ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಕುರಿತು ಎಚ್ಚರಿಕೆ ನೀಡಿತ್ತು. ಸತುವಿನ ಮಟ್ಟ ಊಟದ ಬಳಿಕ ಇಳಿಯುವುದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ತೆಗೆಸಲಾಯಿತು. ಹಿಮೊಗ್ಲೋಬಿನ್ 12.1 ಗ್ರಾಂ; ಗಂಡಸರಲ್ಲಿ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ. ಕಬ್ಬಿಣದ ಸಂಗ್ರಹವನ್ನು ತಿಳಿಸುವ ಫೆರಿಟಿನ್ 9 ನ್ಯಾನೊಗ್ರಾಂ; ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಲ್ಲಿ 15ರ ಕೆಳಗೆ ಹೋದರೆ ಸಂಗ್ರಹ ಬರಿದಾದಂತೆ. ಮೈಯಲ್ಲಿ ಉರಿಯೂತವಿದ್ದರೆ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಆದ್ದರಿಂದ ಉರಿಯೂತವನ್ನು ತಿಳಿಸುವ ಸಿ.ಆರ್.ಪಿ. ಕೂಡ ನೋಡಿದೆವು, ಅದು ಸಹಜವಾಗಿತ್ತು. ಥೈರಾಯ್ಡ್ ಸಹಜ. ಸತು ಕಡಿಮೆ ಇರುವುದಿರಲಿ, ಪ್ರಯೋಗಾಲಯದ ಮೇಲ್ಮಿತಿಯನ್ನು ದಾಟಿತ್ತು. ತಾಮ್ರ ಮಾತ್ರ ಕೆಳಮಿತಿಗಿಂತ ತುಸು ಕೆಳಗಿತ್ತು.

ಕಬ್ಬಿಣ ಎಲ್ಲಿ ಸೋರುತ್ತಿತ್ತು?

ಈ ಪ್ರಕರಣದ ತಿರುಳು ಇರುವುದು ಇಲ್ಲಿಯೇ. ತಿಂಗಳು ತಿಂಗಳು ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಫೆರಿಟಿನ್ ಕಡಿಮೆಯಾಗಲು ಕಾರಣ ಹುಡುಕುವುದು ಕಷ್ಟವಲ್ಲ. ಗಂಡಸಿನಲ್ಲಿ 9 ಎಂದು ಬಂದರೆ ಕಬ್ಬಿಣದ ಗುಳಿಗೆ ಬರೆದು ಕಳಿಸಿಬಿಡುವುದು ಅಪಾಯಕಾರಿ, ಏಕೆಂದರೆ ಹೊಟ್ಟೆಯ ಹುಣ್ಣು, ಕೊಕ್ಕೆಹುಳು, ಕರುಳಿನ ಗಡ್ಡೆ ಇವುಗಳಲ್ಲಿ ಯಾವುದಾದರೂ ಒಳಗಿಂದೊಳಗೆ ರಕ್ತ ಕಳೆಯುತ್ತಿರಬಹುದು. ಊಟದ ಬಗ್ಗೆ ಕೇಳಿದಾಗ ಅವರು ಹೇಳಿದ್ದು ನಮ್ಮ ಭಾಗದ ಶಾಕಾಹಾರಿ ಮನೆಗಳ ನಿತ್ಯದ ಅಡುಗೆ: ಎರಡು ಹೊತ್ತು ಜೋಳದ ರೊಟ್ಟಿ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಅಂಗಡಿಯಲ್ಲಿ ಗಿರಾಕಿಗಳ ಜೊತೆ ದಿನಕ್ಕೆ ಏಳೆಂಟು ಕಪ್ ಚಾ. ಜೋಳದಲ್ಲೂ ಕಾಳಿನಲ್ಲೂ ಕಬ್ಬಿಣ ಇಲ್ಲದಿಲ್ಲ, ಆದರೆ ಅವುಗಳಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನೂ ಸತುವನ್ನೂ ಕಟ್ಟಿಹಾಕುತ್ತದೆ, ಊಟದ ಜೊತೆಗೇ ಕುಡಿಯುವ ಚಹಾದ ಒಗರು ಅದನ್ನು ಇನ್ನಷ್ಟು ತಡೆಯುತ್ತದೆ. ಸಾಲದ್ದಕ್ಕೆ ಅವರು ನುಂಗುತ್ತಿದ್ದ ದೊಡ್ಡ ಪ್ರಮಾಣದ ಸತು ಕರುಳಿನಲ್ಲಿ ಕಬ್ಬಿಣದೊಡನೆ ಪೈಪೋಟಿ ನಡೆಸುತ್ತಿತ್ತು.

ಆದರೂ ಊಟವೊಂದೇ ಕಾರಣವೆಂದು ನನಗೆ ಅನಿಸಲಿಲ್ಲ. ಅದೇ ಊಟ ಉಣ್ಣುವ ಅಣ್ಣನ ಹಿಮೊಗ್ಲೋಬಿನ್ ಚೆನ್ನಾಗಿತ್ತು. ಮೊದಲ ಭೇಟಿಯಲ್ಲಿ ರಕ್ತ ಹೋಗುತ್ತದೆಯೇ ಎಂದು ಕೇಳಿದಾಗ ಇಲ್ಲವೆಂದಿದ್ದರು. ಆಗ ಅವರ ತಂದೆ ಪಕ್ಕದಲ್ಲೇ ಕೂತಿದ್ದರು. ಎರಡನೆಯ ಸಲ ಒಬ್ಬರನ್ನೇ ಕೂರಿಸಿಕೊಂಡು ಕೇಳಿದಾಗ ತಲೆ ತಗ್ಗಿಸಿ ಹೇಳಿದರು: “ಸಂಡಾಸಕ್ಕ ಹೋದಾಗ ಬೀಳತೈತ್ರಿ. ಎರಡ ವರ್ಷ ಆತು. ಯಾರಿಗೂ ಹೇಳಿಲ್ರಿ.” ಶಸ್ತ್ರಚಿಕಿತ್ಸಕರು ಪರೀಕ್ಷಿಸಿದಾಗ ಒಳಗಿನ ಮೂಲವ್ಯಾಧಿ ಕಂಡಿತು; ಕರುಳಿನಲ್ಲಿ ಬೇರೆ ದೋಷವಿಲ್ಲವೆಂದು ದುರ್ಬೀನು ಹಾಕಿ ಖಚಿತಪಡಿಸಿಕೊಂಡರು.

ಲೆಕ್ಕ ಹಾಕಿದರೆ ಈ ಸೋರಿಕೆಯ ಗಾತ್ರ ಅರ್ಥವಾಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಒಂದು ಚಹಾ ಚಮಚದಷ್ಟು ರಕ್ತ ಹೋದರೆ ಎರಡು ಮಿಲಿಗ್ರಾಂಗಿಂತ ತುಸು ಹೆಚ್ಚೇ ಕಬ್ಬಿಣ ಹೋದಂತೆ; ಆರೋಗ್ಯವಂತ ಗಂಡಸು ದಿನಕ್ಕೆ ಸಹಜವಾಗಿ ಕಳೆದುಕೊಳ್ಳುವುದು ಸುಮಾರು ಒಂದು ಮಿಲಿಗ್ರಾಂ ಮಾತ್ರ. ವಾರಕ್ಕೆ ಮೂರು ನಾಲ್ಕು ಸಲ ಹೀಗೆ ಎರಡು ವರ್ಷ ನಡೆದರೆ ಯಾವ ಸಂಗ್ರಹವೂ ಉಳಿಯದು.

ಖನಿಜಗಳ ಪಾಲು ಎಷ್ಟು?

ಕೂದಲಿನ ಬುಡದಲ್ಲಿರುವ ಜೀವಕೋಶಗಳು ದೇಹದಲ್ಲೇ ಅತಿ ವೇಗವಾಗಿ ಒಡೆದು ಬೆಳೆಯುವ ಕೋಶಗಳ ಸಾಲಿಗೆ ಸೇರುತ್ತವೆ. ಹೊಸ ಕೋಶಕ್ಕೆ ಬೇಕಾದ ಡಿ.ಎನ್.ಎ. ತಯಾರಿಸುವ ಕಿಣ್ವವೊಂದಕ್ಕೆ ಕಬ್ಬಿಣ ಬೇಕು. ಸತು ನೂರಾರು ಕಿಣ್ವಗಳಿಗೆ ಬೇಕು. ಮನುಷ್ಯರಲ್ಲಿ ಸತುವಿನ ಕೊರತೆ ಬರಬಹುದು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಭಾರತ ಮೂಲದ ವೈದ್ಯ ಆನಂದ ಪ್ರಸಾದ್. 1960ರ ದಶಕದ ಆರಂಭದಲ್ಲಿ ಇರಾನ್ ಮತ್ತು ಈಜಿಪ್ಟ್‌ನಲ್ಲಿ ಮುಖ್ಯವಾಗಿ ರೊಟ್ಟಿಯನ್ನೇ ಉಂಡು ಬೆಳೆದ, ಬೆಳವಣಿಗೆ ಕುಂಠಿತವಾದ ಹುಡುಗರಲ್ಲಿ ಅವರು ಇದನ್ನು ಗುರುತಿಸಿದ್ದರು. ತೀವ್ರ ಕೊರತೆಯಲ್ಲಿ ಕೂದಲು ಉದುರುವುದು ನಿಜ. ಆದರೆ ಖನಿಜದ ಕೊರತೆ ರಕ್ತದ ಮೂಲಕ ತಲೆಯಿಡೀ ತಲುಪುತ್ತದೆ. ಹಣೆಯ ಮೂಲೆಯನ್ನೂ ಸುಳಿಯನ್ನೂ ಆರಿಸಿಕೊಂಡು ಹಿಂದಲೆಯನ್ನು ಬಿಟ್ಟುಕೊಡುವುದಿಲ್ಲ.

ಆ ಆಯ್ಕೆ ನಡೆಯುವುದು ಬೇರೆ ದಾರಿಯಿಂದ. ಟೆಸ್ಟೊಸ್ಟಿರಾನ್ ಹಾರ್ಮೋನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿ.ಎಚ್.ಟಿ. ಎಂಬ ಪ್ರಬಲ ರೂಪಕ್ಕೆ ಬದಲಿಸುತ್ತದೆ; ನೆತ್ತಿ ಮತ್ತು ಹಣೆಯ ಮೂಲೆಗಳ ಬುಡಗಳು ವಂಶಗುಣದಿಂದ ಅದಕ್ಕೆ ಹೆಚ್ಚು ಸ್ಪಂದಿಸಿ ಕಿರಿದಾಗುತ್ತವೆ. ಪ್ರೌಢರಾಗುವ ಮೊದಲೇ ವೃಷಣ ಕಳೆದುಕೊಂಡ ಗಂಡಸರು ಬೋಳಾಗುವುದಿಲ್ಲ, ಅವರಲ್ಲಿ ವಂಶದ ಒಲವಿದ್ದವರಿಗೆ ಟೆಸ್ಟೊಸ್ಟಿರಾನ್ ಕೊಟ್ಟರೆ ಬೋಳಾಗುತ್ತಾರೆ ಎಂದು ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ತೋರಿಸಿದ್ದರು. 1959ರಲ್ಲಿ ಅಮೆರಿಕದ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ ಹಿಂದಲೆಯ ಕೂದಲನ್ನು ಬುಡಸಮೇತ ಬೋಳು ಭಾಗಕ್ಕೆ ನೆಟ್ಟು, ಅದು ಅಲ್ಲಿಯೂ ಹಿಂದಲೆಯ ಕೂದಲಿನಂತೆಯೇ ಬೆಳೆಯುತ್ತದೆಂದು ದಾಖಲಿಸಿದರು. ನಾನು ರೋಗಿಗೆ ಅವರ ಅಂಗಡಿಯ ಭಾಷೆಯಲ್ಲೇ ಹೇಳಿದೆ: ಒಂದೇ ಹೊಲ, ಒಂದೇ ಗೊಬ್ಬರ, ಆದರೆ ಎರಡು ತಳಿಯ ಬೀಜ ಬಿತ್ತಿದೆ, ನೆಲದ ಕೊರತೆ ನೀಗಿಸಿದರೆ ಎರಡೂ ಚೇತರಿಸಿಕೊಳ್ಳುತ್ತವೆ, ತಳಿಯ ಗುಣ ಮಾತ್ರ ಗೊಬ್ಬರದಿಂದ ಬದಲಾಗುವುದಿಲ್ಲ. ಇದು ಅವರಿಗೆ ತಟ್ಟನೆ ಮನದಟ್ಟಾಯಿತು.

ಪುರುಷ ಮಾದರಿಯ ಬೋಳು ಇರುವವರ ರಕ್ತದಲ್ಲಿ ಸತು ಅಥವಾ ಫೆರಿಟಿನ್ ಕಡಿಮೆ ಇದೆಯೆಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ, ವ್ಯತ್ಯಾಸವೇ ಇಲ್ಲವೆಂದು ಮತ್ತೆ ಕೆಲವು ಹೇಳುತ್ತವೆ. ಎರಡೂ ಜೊತೆಯಾಗಿ ಕಂಡವು ಎಂದಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತೆನ್ನಲಾಗದು. ಸತು 5-ಆಲ್ಫಾ ರಿಡಕ್ಟೇಸ್ ಕಿಣ್ವವನ್ನು ತಡೆಯುತ್ತದೆ ಎಂಬ ಮಾತನ್ನು ಗುಳಿಗೆ ಮಾರುವವರು ಹೆಚ್ಚು ಬಳಸುತ್ತಾರೆ. ಅದು ಪ್ರಯೋಗಾಲಯದಲ್ಲಿ ಚರ್ಮದ ಮಾದರಿಗೆ ಸತುವನ್ನು ನೇರವಾಗಿ ಬೆರೆಸಿದಾಗ ಕಂಡ ಪರಿಣಾಮ, ನುಂಗಿದ ಗುಳಿಗೆಯಿಂದ ನೆತ್ತಿಯಲ್ಲಿ ಆಗುವ ಪರಿಣಾಮವಲ್ಲ.

ಹೆಚ್ಚಾದರೂ ಕೇಡೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ ಸತು ಸಾಕು, 40 ಮಿಲಿಗ್ರಾಂ ಮೀರಬಾರದು. ಇವರು 100 ಮಿಲಿಗ್ರಾಂ ನುಂಗುತ್ತಿದ್ದರು. ಹೆಚ್ಚಿನ ಸತು ಕರುಳಿನಲ್ಲಿ ತಾಮ್ರದ ಹೀರುವಿಕೆಯನ್ನು ತಡೆಯುತ್ತದೆ. ತಾಮ್ರ ಬಹಳ ಇಳಿದರೆ ರಕ್ತಹೀನತೆ, ಬಿಳಿ ರಕ್ತಕಣಗಳ ಇಳಿಕೆ, ಕೈಕಾಲು ಜೋಮು ಹಿಡಿಯುವ ನರದೋಷ ಬರುತ್ತವೆ. ಸೆಲೆನಿಯಂ ಇನ್ನೂ ಅಪಾಯಕಾರಿ, ಅದು ಮಿತಿಮೀರಿದರೆ ಕೂದಲೇ ಉದುರುತ್ತದೆ. 2008ರಲ್ಲಿ ಅಮೆರಿಕದಲ್ಲಿ ದ್ರವರೂಪದ ಪೂರಕವೊಂದರಲ್ಲಿ ತಪ್ಪಾಗಿ ಸುಮಾರು 200 ಪಟ್ಟು ಸೆಲೆನಿಯಂ ಸೇರಿ, 201 ಜನ ಕೂದಲು ಉದುರುವುದು, ಉಗುರು ಕೆಡುವುದು, ಭೇದಿ ಮುಂತಾದ ತೊಂದರೆಗೆ ಒಳಗಾಗಿದ್ದರು. ಕೂದಲಿಗೆಂದು ಕೊಂಡ ಗುಳಿಗೆಯ ಹಿಂಬದಿಯನ್ನು ಓದುವವರು ನಮ್ಮಲ್ಲಿ ತೀರ ಕಡಿಮೆ ಎಂಬುದು ನನಗೆ ನಿಜಕ್ಕೂ ಕಳವಳದ ಸಂಗತಿ.

ಕೊರಿಯರ್ ಪರೀಕ್ಷೆಯ ಬಗ್ಗೆಯೂ ಒಂದು ಮಾತು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಬ್ಬರೇ ಆರೋಗ್ಯವಂತ ವ್ಯಕ್ತಿಯ ಕೂದಲನ್ನು ಪಾಲು ಮಾಡಿ ಅಮೆರಿಕದ ಆರು ಪ್ರಯೋಗಾಲಯಗಳಿಗೆ ಕಳಿಸಿದಾಗ ವರದಿಗಳು ಒಂದಕ್ಕೊಂದು ಹೊಂದಲಿಲ್ಲ. ಇವರ ಮನೆಯಲ್ಲಿ ಝಳಕಕ್ಕೆ ಬಳಸುವುದು ಬೋರಿನ ಗಡಸು ನೀರು, ಬಕೆಟ್ಟಿನ ಒಳಗೆಲ್ಲ ಬಿಳಿ ಪದರು ಕಟ್ಟುತ್ತದೆ. ಅದೇ ಕ್ಯಾಲ್ಸಿಯಂ ಕೂದಲಿಗೂ ಅಂಟಿ ವರದಿಯಲ್ಲಿ ಹೆಚ್ಚೆಂದು ಬಂದಿರುವ ಸಾಧ್ಯತೆಯೇ ಹೆಚ್ಚು. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆಯೇ ಹೊರತು ಬುಡವನ್ನು ಕಿರಿದು ಮಾಡುವುದಿಲ್ಲ.

ಚಿಕಿತ್ಸೆ ಮತ್ತು ಅದರ ಫಲ

ಸತು ಮತ್ತು ಕೂದಲಿನ ಗುಳಿಗೆ ಎರಡನ್ನೂ ನಿಲ್ಲಿಸಿದೆವು. ಕಬ್ಬಿಣದ ಗುಳಿಗೆ ಮಲಬದ್ಧತೆ ತಂದು ಮೂಲವ್ಯಾಧಿಯನ್ನು ಕೆರಳಿಸಬಾರದೆಂದು ಅದನ್ನು ದಿನ ಬಿಟ್ಟು ದಿನ ಕೊಟ್ಟೆವು. ಹೀಗೆ ಕೊಟ್ಟಾಗ ಪ್ರತಿ ಗುಳಿಗೆಯಿಂದ ದೇಹ ಹೀರಿಕೊಳ್ಳುವ ಪಾಲೂ ಹೆಚ್ಚುತ್ತದೆ. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ತಿಳಿಸಿದ್ದರಿಂದ ಅವರು ಮಧ್ಯದಲ್ಲಿ ಬಿಡಲಿಲ್ಲ. ಮೂಲವ್ಯಾಧಿಗೆ ಶಸ್ತ್ರಚಿಕಿತ್ಸಕರು ರಬ್ಬರ್ ಬ್ಯಾಂಡ್ ಹಾಕಿದರು, ರಕ್ತ ಹೋಗುವುದು ನಿಂತಿತು. ರೊಟ್ಟಿ ಬಿಡಲು ನಾನು ಹೇಳಲಿಲ್ಲ. ಕಾಳನ್ನು ಮೊಳಕೆ ಬರಿಸಿ ಪಲ್ಯ ಮಾಡುವುದು, ಊಟದಲ್ಲಿ ಲಿಂಬೆಹಣ್ಣು ಹಿಂಡಿಕೊಳ್ಳುವುದು, ಊಟವಾದ ಒಂದು ತಾಸಿನ ಮೇಲೆ ಚಾ ಕುಡಿಯುವುದು, ಇಷ್ಟೇ ಬದಲಾವಣೆ.

ಬೋಳಿನ ಔಷಧವನ್ನು ಕೂಡಲೇ ಆರಂಭಿಸದೆ ನಾಲ್ಕು ತಿಂಗಳು ಕಬ್ಬಿಣದ ಚಿಕಿತ್ಸೆಯೊಂದನ್ನೇ ಮಾಡೋಣ ಎಂದು ಇಬ್ಬರೂ ಒಪ್ಪಿಕೊಂಡೆವು. ಎರಡನ್ನೂ ಒಟ್ಟಿಗೆ ಹಚ್ಚಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತಿರಲಿಲ್ಲ. ಆ ಅವಧಿಯ ಕೊನೆಗೆ ಹಿಮೊಗ್ಲೋಬಿನ್ 14.2ಕ್ಕೆ, ಫೆರಿಟಿನ್ 34ಕ್ಕೆ ಏರಿತ್ತು, ತಾಮ್ರ ಸಹಜಕ್ಕೆ ಬಂದಿತ್ತು. ಕೂದಲು ಎಳೆದು ನೋಡಿದಾಗ ಒಂದೆರಡು ಮಾತ್ರ ಬಂದವು, ಬಚ್ಚಲಿನ ಜಾಲರಿ ಕಟ್ಟುವುದು ನಿಂತಿತ್ತು. ಮಧ್ಯಾಹ್ನ ಅಂಗಡಿಯ ಕಟ್ಟೆಯ ಮೇಲೆ ಬರುತ್ತಿದ್ದ ಸುಸ್ತು ಹೋಯಿತೆಂದು, ಕೇಳದೆಯೇ ಹೇಳಿದರು. ಆದರೆ ಅದೇ ಬೆಳಕಿನಲ್ಲಿ, ಅದೇ ಕೋನದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿದಾಗ ಸುಳಿಯ ತೆಳುವು ಹಾಗೆಯೇ ಇತ್ತು, ಡರ್ಮೊಸ್ಕೋಪಿನಲ್ಲಿ ನವಿರು ರೋಮಗಳೂ ಹಾಗೆಯೇ ಇದ್ದವು. ಉದುರುವಿಕೆ ತಾನಾಗಿಯೂ ತಗ್ಗುವ ಸಂದರ್ಭಗಳಿರುವುದರಿಂದ ಒಂದು ಪ್ರಕರಣವನ್ನು ಪುರಾವೆ ಎನ್ನಲಾರೆ. ಆದರೆ ತಲೆಯಿಡೀ ಆಗುತ್ತಿದ್ದ ಉದುರುವಿಕೆ ನಿಂತು, ಪುರುಷ ಮಾದರಿಯ ಬೋಳು ಮಾತ್ರ ಉಳಿದದ್ದು ಎರಡು ಪ್ರಕ್ರಿಯೆಗಳಿದ್ದವೆಂಬ ಊಹೆಗೆ ಒಪ್ಪುವಂತಿದೆ.

ಐದನೆಯ ತಿಂಗಳಿಂದ ಬೋಳಿಗೆ ಹಚ್ಚುವ ಔಷಧವಾದ ಶೇಕಡ 5ರ ಮಿನಾಕ್ಸಿಡಿಲ್ ದ್ರಾವಣವನ್ನು ದಿನಕ್ಕೆ ಎರಡು ಸಲ ಹಚ್ಚಲು ಹೇಳಿದೆ. ಮೊದಲ ಕೆಲವು ವಾರ ಹಳೆಯ ಕೂದಲು ಹೆಚ್ಚು ಉದುರಬಹುದು, ನಾಲ್ಕು ತಿಂಗಳಿಗೆ ಮೊದಲು ಫಲ ಕಾಣದು, ಬಿಟ್ಟರೆ ಬಂದದ್ದು ಹೋಗುತ್ತದೆ ಎಂಬ ಮೂರೂ ಮಾತನ್ನು ಬರೆದು ಕೊಟ್ಟೆ. ಡಿ.ಎಚ್.ಟಿ. ತಗ್ಗಿಸುವ ಫಿನಾಸ್ಟಿರೈಡ್ 1 ಮಿಲಿಗ್ರಾಂ ಗುಳಿಗೆಗೆ 1997ರಲ್ಲಿ ಅಮೆರಿಕದಲ್ಲಿ ಬೋಳಿನ ಚಿಕಿತ್ಸೆಗೆಂದು ಒಪ್ಪಿಗೆ ಸಿಕ್ಕಿತು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಬಹುದು, ಮನಸ್ಸು ಖಿನ್ನವಾಗಬಹುದು ಎಂಬುದನ್ನು ಮುಚ್ಚಿಡದೆ ಹೇಳಿದೆ. ಮದುವೆಯ ಮಾತು ನಡೆದಿರುವಾಗ ಅದು ಬೇಡವೆಂದು ಅವರು ನಿರ್ಧರಿಸಿದರು. ಅವರ ನಿರ್ಧಾರವನ್ನು ಬದಲಿಸಲು ನಾನು ಯತ್ನಿಸಲಿಲ್ಲ.

ಹದಿನಾಲ್ಕನೆಯ ತಿಂಗಳಲ್ಲಿ ನೋಡಿದಾಗ ಸುಳಿಯ ಭಾಗ ಸ್ವಲ್ಪ ದಟ್ಟವಾಗಿದೆ, ಹಣೆಯ ಮೂಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಫೆರಿಟಿನ್ 61 ಇರುವುದರಿಂದ ಕಬ್ಬಿಣದ ಗುಳಿಗೆ ನಿಲ್ಲಿಸಲಾಗಿದೆ; ಆರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ, ಅದು ಇಳಿದಿದ್ದರೆ ಗುಳಿಗೆಗೆ ಮೊದಲು ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಬೇಕೆಂದು ಕಡತದಲ್ಲಿ ಬರೆದಿಟ್ಟಿದ್ದೇನೆ. ಮಿನಾಕ್ಸಿಡಿಲ್ ಮುಂದುವರಿದಿದೆ.